ಕಾಡುಗಿಚ್ಚಿನ ಹೊಗೆಯ ಸಂಚಾರ: ಉಪಗ್ರಹ ಚಿತ್ರಗಳ ಸಾಕ್ಷ್ಯ

1. ಪೀಠಿಕೆ

ಕಾಡುಗಿಚ್ಚು ಒಂದು ಸ್ಥಳದಲ್ಲಿ ಹುಟ್ಟಿ, ಅಲ್ಲಿಯ ಮರಗಿಡಗಳನ್ನು ದಹಿಸಿ, ಅಲ್ಲಿಯೇ ನಂದಿಹೋಗುವ ಘಟನೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಬೆಂಕಿಯ ವಿಷಯದಲ್ಲಿ ಈ ಭಾವನೆ ಬಹುಮಟ್ಟಿಗೆ ಸರಿಯಾದರೂ, ಅದರ ಹೊಗೆಯ ವಿಷಯದಲ್ಲಿ ಸಲ್ಲದು. ಹೊಗೆಯು ಗಾಳಿಯೊಡನೆ ನೂರಾರು, ಕೆಲವೊಮ್ಮೆ ಸಹಸ್ರಾರು ಮೈಲಿಗಳ ದೂರ ಸಾಗಿ, ಆ ಬೆಂಕಿಯ ಹೆಸರನ್ನೂ ಕೇಳಿರದ ಜನರ ಉಸಿರಿನಲ್ಲಿ ಸೇರುತ್ತದೆ. 2019-20ರ ಬೇಸಗೆಯಲ್ಲಿ ಆಸ್ಟ್ರೇಲಿಯದಲ್ಲಿ ಸಂಭವಿಸಿದ ಮಹಾಗ್ನಿಯಲ್ಲಿ ನೇರವಾಗಿ ಪ್ರಾಣ ಕಳೆದುಕೊಂಡವರು 33 ಜನರೆಂದು ಆ ದೇಶದ ರಾಯಲ್ ಕಮಿಷನ್ ದಾಖಲಿಸಿತು. ಆದರೆ ಅದೇ ಅವಧಿಯಲ್ಲಿ ಪೂರ್ವ ಆಸ್ಟ್ರೇಲಿಯದಲ್ಲಿ ಹೊಗೆಯ ಕಾರಣದಿಂದ ಸಂಭವಿಸಿರಬಹುದಾದ ಹೆಚ್ಚುವರಿ ಮರಣಗಳು 417 ಎಂದು 2020ರಲ್ಲಿ ಆ ದೇಶದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಂಶೋಧನೆ ಅಂದಾಜುಮಾಡಿತು. ಬೆಂಕಿಗಿಂತ ಹೊಗೆಯೇ ಹತ್ತು ಪಟ್ಟಿಗೂ ಮಿಕ್ಕಿ ಘಾತುಕವಾಗಿ ಪರಿಣಮಿಸಿತೆಂದು ಇದರಿಂದ ತಿಳಿದುಬರುತ್ತದೆ.

ಹೀಗಿರುವಲ್ಲಿ, ಒಂದೂರಿನ ಆಕಾಶವನ್ನು ಕವಿದ ಮಬ್ಬು ಯಾವ ಬೆಂಕಿಯಿಂದ ಬಂದಿತು, ಎಷ್ಟು ದಿನಗಳಲ್ಲಿ ಬಂದಿತು, ಯಾವ ಎತ್ತರದಲ್ಲಿ ಬಂದಿತು ಎಂಬ ಪ್ರಶ್ನೆಗಳು ಕೇವಲ ಕುತೂಹಲದವಾಗಿ ಉಳಿಯುವುದಿಲ್ಲ. ಜನರಿಗೆ ಮುನ್ಸೂಚನೆ ಕೊಡುವುದಕ್ಕೂ, ಹೊಣೆಗಾರಿಕೆಯನ್ನು ನಿರ್ಣಯಿಸುವುದಕ್ಕೂ, ಮುಂದೆ ಈ ಕಾಲದ ಚರಿತ್ರೆಯನ್ನು ಬರೆಯುವವರಿಗೂ ಇವುಗಳ ಉತ್ತರ ಅವಶ್ಯಕ. ಈ ಉತ್ತರಗಳನ್ನು ಇಂದು ಮುಖ್ಯವಾಗಿ ಕೃತಕ ಉಪಗ್ರಹಗಳು ತೆಗೆದ ಚಿತ್ರಗಳಿಂದ ಪಡೆಯಲಾಗುತ್ತಿದೆ. ಆ ಚಿತ್ರಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು, ಇತಿಹಾಸದ ಅಧ್ಯಯನದಲ್ಲಿ ನಾವು ಆಕರಗಳನ್ನು ಪರೀಕ್ಷಿಸುವ ಕ್ರಮದಲ್ಲಿಯೇ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

2. ಉಪಗ್ರಹಗಳಿಗೆ ಹಿಂದಿನ ಸಾಕ್ಷ್ಯಗಳು

ದೂರದ ಹೊಗೆಯು ಜನರನ್ನು ದಿಗ್ಭ್ರಮೆಗೊಳಿಸಿದ ಪ್ರಸಂಗಗಳಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ 1780ನೆಯ ಮೇ 19ರಂದು ನಡೆದುದು ಪ್ರಸಿದ್ಧವಾದುದು. ಅಂದು ಪೂರ್ವಾಹ್ನದಲ್ಲಿಯೇ ಕತ್ತಲೆ ಕವಿಯತೊಡಗಿ, ನಡುಹಗಲಿನಲ್ಲಿ ಮೋಂಬತ್ತಿಗಳನ್ನು ಹಚ್ಚಬೇಕಾಯಿತು. ಹಕ್ಕಿಗಳು ಗೂಡು ಸೇರಿದವು. ಅದು ಆ ನಾಡು ಸ್ವಾತಂತ್ರ್ಯಕ್ಕಾಗಿ ಯುದ್ಧಮಾಡುತ್ತಿದ್ದ ಕಾಲ. ಪ್ರಳಯದ ದಿನವೇ ಬಂದಿತೆಂದು ಅನೇಕರು ನಂಬಿದರು. ಕನೆಕ್ಟಿಕಟ್ಟಿನ ಶಾಸನಮಂಡಲದಲ್ಲಿ ಸಭೆಯನ್ನು ಮುಂದೂಡುವ ಮಾತು ಬಂದಾಗ ಏಬ್ರಹಾಂ ಡೇವನ್‌ಪೋರ್ಟ್ ಎಂಬ ಸದಸ್ಯನು ದೀಪಗಳನ್ನು ತರಿಸಿ ಕೆಲಸ ಮುಂದುವರಿಸುವುದೇ ಕರ್ತವ್ಯವೆಂದು ಹೇಳಿದನೆಂದು ಪ್ರತೀತಿ ಇದೆ. ಹಾರ್ವರ್ಡಿನ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ವಿಲಿಯಮ್ಸ್ ಎಂಬಾತನು ಬೇರೆ ಬೇರೆ ಊರುಗಳಿಂದ ವರದಿಗಳನ್ನು ಸಂಗ್ರಹಿಸಿ, 1785ರಲ್ಲಿ ಅವುಗಳನ್ನು ಕ್ರಮಪಡಿಸಿ ಪ್ರಕಟಿಸಿದನು. ಹಿಂದಿನ ದಿನಗಳಲ್ಲಿ ಸೂರ್ಯನು ಕೆಂಪಾಗಿ ತೋರಿದ್ದು, ಮಳೆನೀರಿನಲ್ಲಿ ಮಸಿ ಕಂಡುಬಂದದ್ದು, ಸುಟ್ಟ ಎಲೆಗಳ ವಾಸನೆ ಹರಡಿದ್ದು ಮುಂತಾದ ಸಂಗತಿಗಳಿಂದ, ಕಾಡು ಸುಟ್ಟ ಹೊಗೆಯೇ ಕತ್ತಲೆಗೆ ಕಾರಣವೆಂದು ಅಂದಿನವರೇ ಕೆಲವರು ಊಹಿಸಿದ್ದರು. ಆದರೆ ಯಾವ ಕಾಡು ಎಂಬುದು ಗೊತ್ತಾಗಲಿಲ್ಲ.

ಈ ಪ್ರಶ್ನೆಗೆ ಬೆಲೆಯುಳ್ಳ ಉತ್ತರ ದೊರೆತದ್ದು 227 ವರ್ಷಗಳ ತರುವಾಯ. ಮರವು ಬೆಂಕಿಗೆ ಸಿಕ್ಕಿ ಸಾಯದೆ ಉಳಿದರೆ ಅದರ ಕಾಂಡದಲ್ಲಿ ಗಾಯದ ಕಲೆ ಉಳಿಯುತ್ತದೆ. ವಾರ್ಷಿಕ ಬಳೆಗಳನ್ನು ಎಣಿಸಿ ಆ ಗಾಯವಾದ ವರ್ಷವನ್ನು ಹೇಳಬಹುದು. ಕೆನಡದ ದಕ್ಷಿಣ ಆಂಟೇರಿಯೊದ ಅಲ್ಗಾಂಕ್ವಿನ್ ಎತ್ತರಪ್ರದೇಶದ ಮರಗಳಲ್ಲಿ 1780ರ ದೊಡ್ಡ ಬೆಂಕಿಯ ಕಲೆಗಳಿರುವುದನ್ನು ಮಿಸೌರಿ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿ, ಅದನ್ನು 2007ರಲ್ಲಿ ಪ್ರಕಟಿಸಿದರು. ಕತ್ತಲೆಯ ವರದಿ ಒಂದು ಕಡೆ, ಬೆಂಕಿಯ ಗುರುತು ಇನ್ನೊಂದು ಕಡೆ ಉಳಿದಿದ್ದು, ಅವೆರಡರ ನಡುವಿನ ದಾರಿಗೆ ಮಾತ್ರ ಯಾವ ಸಾಕ್ಷಿಯೂ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಎರಡನೆಯ ಪ್ರಸಂಗ 1950ರದು. ಆ ವರ್ಷದ ಸೆಪ್ಟೆಂಬರ್ 24ರ ಭಾನುವಾರ ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತಣ ಪ್ರದೇಶದಲ್ಲಿ ಹಗಲೇ ಇರುಳಾಯಿತು. ಕೊರಿಯದ ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಅಣುಬಾಂಬು ಬಿದ್ದಿರಬಹುದೆಂದು ಕೆಲವರು ಹೆದರಿದರು. ಎರಡು ದಿನಗಳ ಮೇಲೆ, ಸೆಪ್ಟೆಂಬರ್ 26ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸೂರ್ಯನು ನೀಲಿಯಾಗಿ ಕಾಣಿಸಿದನು. ಅಲ್ಲಿಯ ರಾಯಲ್ ವೇಧಶಾಲೆಯಲ್ಲಿದ್ದ ರಾಬರ್ಟ್ ವಿಲ್ಸನ್ ಎಂಬ ವಿಜ್ಞಾನಿ ಆ ನೀಲಿ ಸೂರ್ಯನ ರೋಹಿತವನ್ನು ಅಳೆದನು. ಸಾಮಾನ್ಯವಾದ ಹೊಗೆಯ ಕಣಗಳು ಬಹು ಸೂಕ್ಷ್ಮವಾಗಿದ್ದು ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುವುದರಿಂದ ಸೂರ್ಯನು ಕೆಂಪಾಗಿ ತೋರುತ್ತಾನೆ. ಕಣಗಳೆಲ್ಲವೂ ಹೆಚ್ಚುಕಡಮೆ ಒಂದೇ ಗಾತ್ರದವಾಗಿ, ಅದೂ ಸುಮಾರು ಒಂದು ಮೈಕ್ರಾನಿನಷ್ಟಿದ್ದರೆ, ಅವು ಕೆಂಪು ಬೆಳಕನ್ನೇ ಹೆಚ್ಚಾಗಿ ಚದರಿಸಿ ನೀಲಿಯನ್ನು ಉಳಿಸುತ್ತವೆ. ಅಮೆರಿಕದ ಹವಾಮಾನ ಇಲಾಖೆಯ ಹ್ಯಾರಿ ವೆಕ್ಸ್‌ಲರ್ ಆ ವರ್ಷವೇ ಲೇಖನವೊಂದನ್ನು ಬರೆದು, ಹವಾಮಾನ ನಕ್ಷೆಗಳ ಆಧಾರದಿಂದ ಈ ಹೊಗೆಯ ಮಾರ್ಗವನ್ನು ನಿರೂಪಿಸಿದನು. ಮೂಲವು ಪಶ್ಚಿಮ ಕೆನಡದ ಬೆಂಕಿಗಳು. ಅವುಗಳಲ್ಲಿ ಅತ್ಯಂತ ದೊಡ್ಡದಾದ ಚಿಂಚಾಗ ಬೆಂಕಿಯು ಜೂನ್ ತಿಂಗಳಿನಿಂದ ಅಕ್ಟೋಬರ್‌ವರೆಗೆ ಉರಿದು ಸುಮಾರು 14 ಲಕ್ಷ ಹೆಕ್ಟೇರ್ ಕಾಡನ್ನು ಸುಟ್ಟಿತ್ತು.

1780ರಲ್ಲಿ ಇಲ್ಲದಿದ್ದ ಗಾಳಿಯ ಅಂಕಿಗಳು 1950ರಲ್ಲಿದ್ದವು. ಆದ್ದರಿಂದ ಮಾರ್ಗವನ್ನು ಊಹಿಸಲು ಎರಡು ಶತಮಾನಗಳು ಬೇಕಾಗಲಿಲ್ಲ. ಆದರೂ ಅದು ಅನುಮಾನಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲ. ಹೊಗೆಯು ಸಾಗುವುದನ್ನು ಮೇಲಿನಿಂದ ನೋಡಿದವರು ಯಾರೂ ಇರಲಿಲ್ಲ.

3. ಉಪಗ್ರಹವು ನೋಡುವ ಬಗೆ

1960ನೆಯ ಏಪ್ರಿಲ್ 1ರಂದು ಅಮೆರಿಕವು ಹಾರಿಸಿದ ಟೈರೋಸ್-1 ಉಪಗ್ರಹವು ಹವಾಮಾನ ವೀಕ್ಷಣೆಯಲ್ಲಿ ಯಶಸ್ವಿಯಾದ ಪ್ರಥಮ ಉಪಗ್ರಹ. ಅದು 78 ದಿನಗಳ ಕಾಲ ಮೋಡಗಳ ಚಿತ್ರಗಳನ್ನು ಕಳುಹಿಸಿತು. ಅಲ್ಲಿಂದೀಚೆಗೆ ಬಂದ ವೀಕ್ಷಣಾ ಉಪಗ್ರಹಗಳನ್ನು ಅವುಗಳ ಕಕ್ಷೆಯ ದೃಷ್ಟಿಯಿಂದ ಮುಖ್ಯವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯವು ಧ್ರುವಗಳ ಮೇಲಾಗಿ ಸುತ್ತುವಂಥವು. ಇವು ಸುಮಾರು 700ರಿಂದ 850 ಕಿಲೋಮೀಟರ್ ಎತ್ತರದಲ್ಲಿದ್ದು, ಭೂಮಿಯು ತಮ್ಮ ಕೆಳಗೆ ತಿರುಗುತ್ತಿರುವಂತೆ ಅಗಲವಾದ ಪಟ್ಟಿಗಳಲ್ಲಿ ಇಡೀ ಗೋಳವನ್ನು ನೋಡಿ ಮುಗಿಸುತ್ತವೆ. 1999ರಲ್ಲಿ ಹಾರಿಸಿದ ಟೆರ್ರಾ ಮತ್ತು 2002ರಲ್ಲಿ ಹಾರಿಸಿದ ಆಕ್ವಾ ಎಂಬ ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣವು 2,330 ಕಿಲೋಮೀಟರ್ ಅಗಲದ ಪಟ್ಟಿಯನ್ನು 36 ಬೇರೆ ಬೇರೆ ತರಂಗಾಂತರಗಳಲ್ಲಿ ನೋಡುತ್ತದೆ. 2011ರಲ್ಲಿ ಮೇಲೇರಿದ ಸುವೋಮಿ ಉಪಗ್ರಹದ ವಿಯರ್ಸ್ ಉಪಕರಣವು ಬೆಂಕಿಯ ತಾಣಗಳನ್ನು 375 ಮೀಟರ್ ಸೂಕ್ಷ್ಮತೆಯಲ್ಲಿ ಗುರುತಿಸಬಲ್ಲುದು. ಇವುಗಳ ಗುಣ ಸೂಕ್ಷ್ಮತೆ. ಕೊರತೆಯೆಂದರೆ, ಒಂದೊಂದು ಉಪಗ್ರಹವೂ ಒಂದೂರಿನ ಮೇಲೆ ಹಗಲು ಒಮ್ಮೆ, ಇರುಳು ಒಮ್ಮೆ ಹಾದುಹೋಗುತ್ತದೆ.

ಎರಡನೆಯವು ಭೂಸ್ಥಿರ ಉಪಗ್ರಹಗಳು. ಇವು ಸಮಭಾಜಕ ವೃತ್ತದ ಮೇಲೆ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಭ್ರಮಣದ ವೇಗಕ್ಕೆ ಸರಿಯಾಗಿ ಸುತ್ತುವುದರಿಂದ, ನೆಲದಿಂದ ನೋಡುವವರಿಗೆ ಒಂದೆಡೆ ನಿಂತಂತೆ ತೋರುತ್ತವೆ. 2014ರಲ್ಲಿ ಹಾರಿಸಲಾದ ಜಪಾನಿನ ಹಿಮವಾರಿ-8 ತನ್ನ ಕಣ್ಣಿಗೆ ಬೀಳುವ ಇಡೀ ಭೂಮುಖವನ್ನು ಹತ್ತು ನಿಮಿಷಕ್ಕೊಮ್ಮೆ ಚಿತ್ರಿಸುವಂತೆ ರಚಿತವಾಗಿತ್ತು. 2022ರ ಡಿಸೆಂಬರಿನಿಂದ ಅದೇ ಜಾತಿಯ ಹಿಮವಾರಿ-9 ಈ ಕೆಲಸವನ್ನು ನಡೆಸುತ್ತಿದೆ. ಭಾರತದ ಇನ್ಸಾಟ್-3ಡಿ ಶ್ರೇಣಿಯ ಉಪಗ್ರಹಗಳೂ ಈ ವರ್ಗಕ್ಕೆ ಸೇರಿದವು. ದೂರದಿಂದ ನೋಡುವುದರಿಂದ ಇವುಗಳಿಗೆ ಚಿಕ್ಕ ಬೆಂಕಿಗಳು ಸುಲಭವಾಗಿ ಕಾಣಿಸವು. ಆದರೆ ಹೊಗೆಯು ಗಂಟೆಗಂಟೆಗೂ ಹೇಗೆ ಚಲಿಸಿತೆಂಬುದನ್ನು ಇವುಗಳಿಂದಲೇ ತಿಳಿಯಬೇಕು. ಮೊದಲನೆಯ ವರ್ಗವು ಶಾಸನದಂತೆ ಸ್ಫುಟವಾದ, ಆದರೆ ವಿರಳವಾದ ಸಾಕ್ಷ್ಯ. ಎರಡನೆಯದು ದಿನಚರಿಯಂತೆ ಸ್ಥೂಲವಾದ, ಆದರೆ ಎಡೆಬಿಡದ ಸಾಕ್ಷ್ಯ. ಎರಡನ್ನೂ ಜೊತೆಯಲ್ಲಿಟ್ಟು ಓದುವುದು ರೂಢಿ.

4. ಹೊಗೆಯನ್ನು ಗುರುತಿಸುವ ಲಕ್ಷಣಗಳು

ಚಿತ್ರದಲ್ಲಿ ಕಾಣುವ ಬಿಳಿಯ ಅಥವಾ ಬೂದುಬಣ್ಣದ ಹರವು ಮೋಡವೋ, ಮಂಜೋ, ಮರುಭೂಮಿಯ ಧೂಳೋ, ಹೊಗೆಯೋ ಎಂಬುದನ್ನು ನಿರ್ಣಯಿಸುವುದು ಮೊದಲನೆಯ ಕಾರ್ಯ. ಇದಕ್ಕೆ ಒಂದೇ ಲಕ್ಷಣ ಸಾಲದೆ, ಹಲವು ಲಕ್ಷಣಗಳನ್ನು ಒಟ್ಟುಗೂಡಿಸಬೇಕಾಗುತ್ತದೆ.

ಮೊದಲನೆಯದಾಗಿ, ಬೆಂಕಿಯ ಶಾಖ. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ, ವಿಶೇಷವಾಗಿ ಸುಮಾರು 4 ಮೈಕ್ರಾನ್ ತರಂಗಾಂತರದಲ್ಲಿ, ಉರಿಯುವ ವಸ್ತುವು ಅತ್ಯಂತ ಉಜ್ಜ್ವಲವಾಗಿ ತೋರುತ್ತದೆ. ಸಾಧಾರಣ ನೆಲವು ಹೆಚ್ಚಾಗಿ ಸೂಸುವ 11 ಮೈಕ್ರಾನಿನ ಬೆಳಕಿನೊಡನೆ ಇದನ್ನು ಹೋಲಿಸಿ, ಎರಡರ ಅಂತರ ಅಸಾಧಾರಣವಾಗಿದ್ದಲ್ಲಿ ಬೆಂಕಿಯಿದೆಯೆಂದು ನಿರ್ಣಯಿಸುತ್ತಾರೆ. ಆದ್ದರಿಂದಲೇ ಒಂದು ಕಿಲೋಮೀಟರ್ ಚೌಕದ ಅತ್ಯಲ್ಪ ಭಾಗ ಮಾತ್ರ ಉರಿಯುತ್ತಿದ್ದರೂ ಅದು ಪತ್ತೆಯಾಗುತ್ತದೆ.

ಎರಡನೆಯದಾಗಿ, ಹೊಗೆಯ ಬಣ್ಣ ಮತ್ತು ಆಕಾರ. ಮೋಡವು ಬೆಳ್ಳಗೆ ಗಂಟುಗಂಟಾಗಿ ತೋರಿದರೆ, ಹೊಗೆಯು ಕಂದುಮಿಶ್ರಿತ ಬೂದುಬಣ್ಣದಲ್ಲಿ ನಯವಾಗಿ ಹರಡಿ, ಒಂದು ಬಿಂದುವಿನಿಂದ ಹೊರಟು ಗಾಳಿಯ ದಿಕ್ಕಿನಲ್ಲಿ ಬೀಸಣಿಗೆಯಂತೆ ಅಗಲವಾಗುತ್ತದೆ. ಇದರೊಡನೆ ಇನ್ನೊಂದು ಪರೀಕ್ಷೆಯಿದೆ. ಹೊಗೆಯ ಕಣಗಳು ಬಹು ಸಣ್ಣವಾದುದರಿಂದ ಸುಮಾರು 2 ಮೈಕ್ರಾನ್ ತರಂಗಾಂತರದ ಬೆಳಕು ಅವುಗಳ ನಡುವೆ ಬಹುಮಟ್ಟಿಗೆ ತಡೆಯಿಲ್ಲದೆ ಹಾಯುತ್ತದೆ. ಸಾಮಾನ್ಯ ಚಿತ್ರದಲ್ಲಿ ನೆಲವನ್ನು ಮರೆಮಾಡಿದ ಹರವು ಈ ಚಿತ್ರದಲ್ಲಿ ಮಾಯವಾದರೆ ಅದು ಹೊಗೆ. ಹಾಗೆಯೇ ಉಳಿದರೆ ಮೋಡ ಅಥವಾ ದಪ್ಪ ಧೂಳು.

ಮೂರನೆಯದಾಗಿ, ಹೊಗೆಯ ಪ್ರಮಾಣ. ಮೇಲಿನಿಂದ ಕೆಳಗಿನವರೆಗಿನ ವಾಯುಸ್ತಂಭದಲ್ಲಿರುವ ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆಂಬುದನ್ನು ಒಂದು ಸಂಖ್ಯೆಯಿಂದ ಸೂಚಿಸುತ್ತಾರೆ. ಇದನ್ನು ದ್ಯುತಿಗಹನತೆ ಎನ್ನಬಹುದು. ನೆತ್ತಿಯ ಮೇಲಿನ ಸೂರ್ಯನ ನೇರ ಬೆಳಕಿನಲ್ಲಿ ನೂರಕ್ಕೆ ಸುಮಾರು 37 ಪಾಲು ಮಾತ್ರ ನೆಲವನ್ನು ಮುಟ್ಟಿದರೆ ಈ ಸಂಖ್ಯೆ 1 ಆಗುತ್ತದೆ.

ನಾಲ್ಕನೆಯ ಲಕ್ಷಣವು ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಆಸಕ್ತಿಯನ್ನುಂಟುಮಾಡುವಂಥದು. 1978ರ ಅಕ್ಟೋಬರ್‌ನಲ್ಲಿ ಹಾರಿಸಿದ ನಿಂಬಸ್-7 ಉಪಗ್ರಹದಲ್ಲಿ ಓಜೋನ್ ಅನಿಲವನ್ನು ಅಳೆಯುವ ಟಾಮ್ಸ್ ಎಂಬ ಉಪಕರಣವಿದ್ದಿತು. ಅದು ಅತಿನೇರಳೆ ಬೆಳಕನ್ನು ಹಲವು ತರಂಗಾಂತರಗಳಲ್ಲಿ ಅಳೆಯುತ್ತಿತ್ತು. ಶುದ್ಧ ವಾಯುವಿನಿಂದ ಚದರಿ ಮೇಲೆ ಬರುವ ಅತಿನೇರಳೆ ಬೆಳಕಿನಲ್ಲಿ ಈ ತರಂಗಾಂತರಗಳ ಪರಸ್ಪರ ಪ್ರಮಾಣವು ಗೊತ್ತಾದುದು. ಮಧ್ಯದಲ್ಲಿ ಹೊಗೆ ಅಥವಾ ಧೂಳು ಇದ್ದರೆ ಅದು ಕೆಳಗಿನಿಂದ ಬರುವ ಬೆಳಕನ್ನು ಹೀರಿಕೊಂಡು ಆ ಪ್ರಮಾಣವನ್ನು ಕೆಡಿಸುತ್ತದೆ. ಓಜೋನ್ ಲೆಕ್ಕಕ್ಕೆ ಅಡ್ಡಬರುವ ದೋಷವಾಗಿದ್ದ ಈ ಸಂಗತಿಯನ್ನೇ 1990ರ ದಶಕದಲ್ಲಿ ವಿಜ್ಞಾನಿಗಳು ಗುಣವಾಗಿ ಪರಿವರ್ತಿಸಿಕೊಂಡು, ಹಳೆಯ ದಾಖಲೆಗಳನ್ನೆಲ್ಲ ಮರಳಿ ಓದಿ, 1970ರ ದಶಕದ ಕೊನೆಯವರೆಗೂ ಹಿಂದೆ ಹೋಗಿ ಹೊಗೆಯ ಮತ್ತು ಧೂಳಿನ ನಕ್ಷೆಗಳನ್ನು ರಚಿಸಿದರು. ದೇವಾಲಯದ ದತ್ತಿಶಾಸನವು ದಾನವನ್ನು ದಾಖಲಿಸಲು ಹುಟ್ಟಿದುದಾದರೂ, ಅದರಲ್ಲಿ ಆನುಷಂಗಿಕವಾಗಿ ಬರುವ ಕೆರೆ, ಕಾಲುವೆ, ತೆರಿಗೆಗಳ ಹೆಸರುಗಳಿಂದ ನಾವು ಆ ಕಾಲದ ಕೃಷಿಯನ್ನು ತಿಳಿಯುವುದಿಲ್ಲವೇ? ಬರೆದವನ ಉದ್ದೇಶದಲ್ಲಿ ಇರದಿದ್ದ ಸಂಗತಿಯನ್ನು ದಾಖಲೆಯಿಂದ ಹೊರತೆಗೆಯುವ ಕ್ರಮ ಇಲ್ಲಿಯೂ ಅದೇ ಆಗಿದೆ. ಈ ಸೂಚ್ಯಂಕದ ಇನ್ನೊಂದು ಗುಣವೇನೆಂದರೆ, ಮೋಡಗಳ ಮೇಲೆ ಸಾಗುವ ಹೊಗೆಯನ್ನೂ ಅದು ತೋರಿಸುತ್ತದೆ.

ಐದನೆಯದಾಗಿ, ಹೊಗೆಯೊಡನೆ ಹೊರಡುವ ಇಂಗಾಲದ ಮಾನಾಕ್ಸೈಡ್ ಅನಿಲ. ಕಣಗಳು ಮಳೆಯಲ್ಲಿ ತೊಳೆದುಹೋದರೂ ಈ ಅನಿಲವು ವಾರಗಳಿಂದ ತಿಂಗಳುಗಳವರೆಗೆ ಉಳಿಯುವುದರಿಂದ, ಕಣ್ಣಿಗೆ ಕಾಣದಾದ ಹೊಗೆಯ ಜಾಡನ್ನು ಇದು ಹಿಡಿದುಕೊಡುತ್ತದೆ. 2017ರಲ್ಲಿ ಐರೋಪ್ಯರು ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹವು ಇದನ್ನು ಪ್ರತಿದಿನವೂ ಬಹುಮಟ್ಟಿಗೆ ಇಡೀ ಭೂಮಿಯ ಮೇಲೆ ಅಳೆಯುತ್ತದೆ.

5. ಎತ್ತರದ ಪ್ರಶ್ನೆ

ಇಷ್ಟಾದರೂ ಒಂದು ಮುಖ್ಯ ಪ್ರಶ್ನೆ ಉಳಿಯುತ್ತದೆ. ಮೇಲಿನಿಂದ ತೆಗೆದ ಚಿತ್ರವು ಚಪ್ಪಟೆಯಾದುದು. ಹೊಗೆಯು ನೆಲದ ಮಟ್ಟದಲ್ಲಿದೆಯೋ ಹತ್ತು ಕಿಲೋಮೀಟರ್ ಮೇಲಿದೆಯೋ ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಬೇರೆ ಬೇರೆ ಎತ್ತರಗಳಲ್ಲಿ ಗಾಳಿಯ ದಿಕ್ಕು ಮತ್ತು ವೇಗ ಬೇರೆಯಾಗಿರುವುದರಿಂದ, ಎತ್ತರ ತಿಳಿಯದೆ ಮಾರ್ಗವನ್ನು ನಿಶ್ಚಯಿಸಲಾಗದು. ಈ ಕೊರತೆಯನ್ನು ತುಂಬಿದ್ದು 2006ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ದೇಶಗಳು ಕೂಡಿ ಹಾರಿಸಿದ ಕ್ಯಾಲಿಪ್ಸೊ ಉಪಗ್ರಹ. ಅದು ಲೇಸರ್ ಬೆಳಕಿನ ಮಿಡಿತಗಳನ್ನು ಕೆಳಕ್ಕೆ ಕಳುಹಿಸಿ, ಕಣಗಳಿಗೆ ತಾಗಿ ಮರಳುವ ಬೆಳಕಿಗೆ ಹಿಡಿದ ಕಾಲದಿಂದ ಅವುಗಳ ಎತ್ತರವನ್ನು ಗಣಿಸುತ್ತಿತ್ತು. ಅದರ ನೋಟವು ಕೂದಲೆಳೆಯಂತೆ ಕಿರಿದಾದುದು. ಪಕ್ಕದಲ್ಲಿ ಏನಿದೆಯೆಂದು ತಿಳಿಯದು. ಆದರೆ ಹಾದುಹೋದಲ್ಲಿ ವಾಯುಮಂಡಲವನ್ನು ಕೊಯ್ದು ತೋರಿಸಿದಂತೆ ಪದರಗಳನ್ನು ತೋರಿಸುತ್ತಿತ್ತು. 2023ರಲ್ಲಿ ಅದರ ಕಾರ್ಯ ಮುಗಿಯಿತು. 2024ರ ಮೇ ತಿಂಗಳಲ್ಲಿ ಯುರೋಪ್ ಮತ್ತು ಜಪಾನ್ ಕೂಡಿ ಹಾರಿಸಿದ ಅರ್ತ್‌ಕೇರ್ ಉಪಗ್ರಹದಲ್ಲಿ ಲೇಸರ್ ಉಪಕರಣವನ್ನು ಮತ್ತೆ ಇರಿಸಲಾಗಿದೆ.

ಎತ್ತರದ ವಿಷಯದಲ್ಲಿ ಅಜ್ಞಾನವಿದ್ದಾಗ ಎಂಥ ತಪ್ಪು ನಿರ್ಣಯಗಳು ಉಂಟಾಗುವುವೆಂಬುದಕ್ಕೆ ಒಂದು ದೃಷ್ಟಾಂತವಿದೆ. 1991ರ ಜೂನ್ 15ರಂದು ಫಿಲಿಪೈನ್ಸಿನ ಪಿನಾಟುಬೊ ಜ್ವಾಲಾಮುಖಿಯು ಸ್ಫೋಟಿಸಿತು. ಆ ಸಮಯದಲ್ಲಿ ಉತ್ತರಾರ್ಧಗೋಳದ ಸ್ತರಗೋಳದಲ್ಲಿ ಕಂಡುಬಂದ ಕಣಗಳ ಪದರವೊಂದನ್ನು ಆ ಜ್ವಾಲಾಮುಖಿಯದೆಂದೇ ಭಾವಿಸಲಾಗಿತ್ತು. ಕಾಡುಗಿಚ್ಚಿನ ಹೊಗೆಯು ಅಷ್ಟು ಎತ್ತರಕ್ಕೆ ಏರಲಾರದೆಂಬುದು ಅಂದಿನ ಸಾಮಾನ್ಯವಾದ ನಂಬಿಕೆ. ಮೈಕಲ್ ಫ್ರಾಮ್ ಮತ್ತು ಅವರ ಸಹೋದ್ಯೋಗಿಗಳು ಹಳೆಯ ಉಪಗ್ರಹ ದಾಖಲೆಗಳನ್ನು ಮರಳಿ ಶೋಧಿಸಿ, ಅದು ಅದೇ ತಿಂಗಳು ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಹತ್ತಿದ ಕಾಡುಗಿಚ್ಚಿನ ಹೊಗೆಯೆಂದು 2010ರಲ್ಲಿ ಪ್ರತಿಪಾದಿಸಿದರು. ಅತ್ಯುಗ್ರವಾದ ಬೆಂಕಿಯು ತನ್ನ ಶಾಖದಿಂದ ಗಾಳಿಯನ್ನು ಮೇಲಕ್ಕೆತ್ತುತ್ತದೆ. ಮೇಲೇರಿದ ಗಾಳಿಯಲ್ಲಿನ ತೇವವು ಘನೀಭವಿಸುವಾಗ ಇನ್ನಷ್ಟು ಶಾಖ ಹೊರಬಿದ್ದು ಗುಡುಗುಮೋಡವೇ ನಿರ್ಮಾಣವಾಗುತ್ತದೆ. ಬೆಂಕಿಯಿಂದ ಹುಟ್ಟಿದ ಈ ಗುಡುಗುಮೋಡವು ಕೊಳವೆಯಂತೆ ಹೊಗೆಯನ್ನು ಸೆಳೆದು ಸ್ತರಗೋಳಕ್ಕೆ ಮುಟ್ಟಿಸುತ್ತದೆ. ಅಲ್ಲಿ ಮಳೆಯಿಲ್ಲವಾದುದರಿಂದ ಹೊಗೆಯು ದಿನಗಳ ಬದಲು ತಿಂಗಳುಗಟ್ಟಲೆ ಉಳಿಯುತ್ತದೆ.

6. ಒಂದು ನಿದರ್ಶನ: ಆಸ್ಟ್ರೇಲಿಯ, 2019-20

ಮೇಲೆ ಹೇಳಿದ ಲಕ್ಷಣಗಳೆಲ್ಲವೂ ಒಂದೇ ಘಟನೆಯಲ್ಲಿ ಹೇಗೆ ಒದಗಿಬಂದವೆಂಬುದನ್ನು ಆಸ್ಟ್ರೇಲಿಯದ ಮಹಾಗ್ನಿಯಲ್ಲಿ ಕಾಣಬಹುದು. ಆ ಬೇಸಗೆಯಲ್ಲಿ ದೇಶದಾದ್ಯಂತ ಸುಟ್ಟ ಪ್ರದೇಶವು 240 ಲಕ್ಷ ಹೆಕ್ಟೇರ್‌ಗೂ ಅಧಿಕವೆಂದು ರಾಯಲ್ ಕಮಿಷನ್ ಹೇಳಿತು. ಆಗ್ನೇಯ ಭಾಗದಲ್ಲಿ ಬೆಂಕಿಯು 2019ರ ಡಿಸೆಂಬರ್ ಕೊನೆಯಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು. ಡಿಸೆಂಬರ್ 29ರಿಂದ ಜನವರಿ 4ರವರೆಗಿನ ದಿನಗಳಲ್ಲಿ ಬೆಂಕಿಯ ಗುಡುಗುಮೋಡಗಳು ಒಂದರ ಹಿಂದೊಂದು ಎದ್ದವು. ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿದ್ದ ಹಿಮವಾರಿ-8ರ ಚಿತ್ರಗಳಲ್ಲಿ ಅವು ಏಳುವುದನ್ನೂ, ಅವುಗಳ ತುದಿಯು ಕಂದುಬಣ್ಣದಿಂದ ಹರಡುವುದನ್ನೂ ಗುರುತಿಸಲಾಯಿತು.

ಕೆಳಮಟ್ಟದ ಹೊಗೆಯು ಸುಮಾರು 2,000 ಕಿಲೋಮೀಟರ್ ಅಗಲದ ಟಾಸ್ಮನ್ ಸಮುದ್ರವನ್ನು ದಾಟಿ ಜನವರಿ 1ರಂದು ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಕವಿಯಿತು. ಅಲ್ಲಿಯ ಹಿಮನದಿಗಳು ಕಂದುಬಣ್ಣ ತಳೆದವು. ಜನವರಿ 5ರಂದು ಆಕ್ಲೆಂಡ್ ನಗರದ ಆಕಾಶವು ಕಿತ್ತಳೆಬಣ್ಣಕ್ಕೆ ತಿರುಗಿತು. ಅಲ್ಲಿಂದ ಮುಂದೆ ಶಾಂತಸಾಗರವನ್ನು ದಾಟಿದ ಹೊಗೆ, ಜನವರಿ ಮೊದಲ ವಾರ ಕಳೆಯುವುದರೊಳಗೆ ದಕ್ಷಿಣ ಅಮೆರಿಕದ ಚಿಲಿ ಮತ್ತು ಅರ್ಜೆಂಟೀನಗಳ ಮೇಲೆ ಕಾಣಿಸಿಕೊಂಡಿತು. 1780ರಲ್ಲಿ ನ್ಯೂ ಇಂಗ್ಲೆಂಡಿನವರಿಗೆ ತಿಳಿಯದೆ ಉಳಿದ ಮೂಲವು ಆಕ್ಲೆಂಡಿನ ಜನರಿಗೆ ಅಂದೇ ತಿಳಿದಿದ್ದಿತು.

ಸ್ತರಗೋಳವನ್ನು ಸೇರಿದ ಹೊಗೆಯ ಕಥೆ ಇನ್ನೂ ವಿಸ್ಮಯಕರವಾದುದು. ಅದರ ತೂಕವನ್ನು ಬೇರೆ ಬೇರೆ ಸಂಶೋಧಕರು ಸುಮಾರು 4 ಲಕ್ಷ ಟನ್‌ನಿಂದ 9 ಲಕ್ಷ ಟನ್‌ವರೆಗೆ ಅಂದಾಜುಮಾಡಿದ್ದಾರೆ. ಅದರಲ್ಲಿ ಒಂದು ಭಾಗವು ಸುಮಾರು 1,000 ಕಿಲೋಮೀಟರ್ ವ್ಯಾಸದ ಸುಳಿಯಾಗಿ ರೂಪುಗೊಂಡಿತು. ಹೊಗೆಯಲ್ಲಿದ್ದ ಕಪ್ಪು ಇಂಗಾಲವು ಬಿಸಿಲನ್ನು ಹೀರಿ ಕಾಯುತ್ತಿದ್ದುದರಿಂದ ಸುತ್ತಣ ಗಾಳಿ ಹಗುರಾಗಿ, ಸುಳಿಯು ತಾನೇ ಮೇಲೇರುತ್ತ ಹೋಯಿತು. ಕ್ಯಾಲಿಪ್ಸೊ ಉಪಗ್ರಹವು ಅದನ್ನು ಮತ್ತೆ ಮತ್ತೆ ಹಾದು, ಮೊದಲು ಸುಮಾರು 16 ಕಿಲೋಮೀಟರ್ ಮಟ್ಟದಲ್ಲಿದ್ದುದು ಕಡೆಗೆ 35 ಕಿಲೋಮೀಟರ್‌ವರೆಗೆ ಏರಿದುದನ್ನು ತೋರಿಸಿತು. ಹದಿಮೂರು ವಾರಗಳ ಕಾಲ ಒಡೆಯದೆ ಉಳಿದ ಆ ಸುಳಿಯು 66,000 ಕಿಲೋಮೀಟರ್ ದೂರ ಸಂಚರಿಸಿತೆಂದು 2020ರಲ್ಲಿ ಸೆರ್ಗೆ ಖೈಕಿನ್ ಮತ್ತು ಇತರರು ಪ್ರಕಟಿಸಿದರು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಎಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥವಾಗುತ್ತದೆ.

ಸಮುದ್ರದ ಮೇಲೂ ಇದರ ಪರಿಣಾಮವಾಯಿತು. ಹೊಗೆಯೊಡನೆ ಬಿದ್ದ ಕಬ್ಬಿಣದ ಅಂಶವು ಗೊಬ್ಬರದಂತಾಗಿ, ದಕ್ಷಿಣ ಮಹಾಸಾಗರದಲ್ಲಿ ಸೂಕ್ಷ್ಮಸಸ್ಯಗಳು ವಿಸ್ತಾರವಾಗಿ ಬೆಳೆದುದನ್ನು ಸಾಗರದ ಬಣ್ಣವನ್ನಳೆಯುವ ಉಪಗ್ರಹಗಳ ಆಧಾರದಿಂದ 2021ರಲ್ಲಿ ನಿರೂಪಿಸಲಾಯಿತು.

7. ಸಾಕ್ಷ್ಯದ ಮಿತಿಗಳು

ಇಂಥ ಸಾಧನೆಗಳನ್ನು ಕಂಡು, ಉಪಗ್ರಹ ಚಿತ್ರವು ಸ್ವತಃಪ್ರಮಾಣವೆಂದು ಭಾವಿಸುವುದು ಯುಕ್ತವಲ್ಲ. ಅದರ ಮಿತಿಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು, ಚಿತ್ರವು ಇಡೀ ವಾಯುಸ್ತಂಭವನ್ನು ನೋಡುತ್ತದೆ. ಮನುಷ್ಯನು ಉಸಿರಾಡುವುದು ಅದರ ತಳದಲ್ಲಿ. 2023ರಲ್ಲಿ ಕೆನಡದಲ್ಲಿ ಸುಮಾರು 150 ಲಕ್ಷ ಹೆಕ್ಟೇರ್ ಕಾಡು ಸುಟ್ಟಿತು. ಜೂನ್ 7ರಂದು ಆ ಹೊಗೆಯು ನ್ಯೂಯಾರ್ಕ್ ನಗರದಲ್ಲಿ ನೆಲಮಟ್ಟಕ್ಕಿಳಿದು ಗಾಳಿಯನ್ನು ಅಪಾಯಕರವಾಗಿಸಿತು. ಅದೇ ತಿಂಗಳ ಕೊನೆಯಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಯುರೋಪಿನ ಪಶ್ಚಿಮ ಭಾಗವನ್ನು ತಲುಪಿದ ಹೊಗೆ ಹೆಚ್ಚಾಗಿ ಎತ್ತರದಲ್ಲಿಯೇ ಸಾಗಿದುದರಿಂದ, ಆಕಾಶ ಮಸುಕಾದರೂ ಉಸಿರಿಗೆ ಅಷ್ಟು ಬಾಧೆಯಾಗಲಿಲ್ಲ. ಚಿತ್ರಗಳನ್ನು ಮಾತ್ರ ನೋಡಿದವರಿಗೆ ಎರಡೂ ಕಡೆ ಹೊಗೆಯೇ. ಆದ್ದರಿಂದ ನೆಲದ ಮೇಲಿನ ಮಾಪಕಗಳ ಅಂಕಿಗಳೊಡನೆ ಹೋಲಿಸದೆ ಆರೋಗ್ಯದ ವಿಷಯದಲ್ಲಿ ಯಾವ ನಿರ್ಣಯವನ್ನೂ ಮಾಡಬಾರದು.

ಎರಡನೆಯದು, ಸಾಕ್ಷಿಯು ನೋಡದ ವೇಳೆಯಲ್ಲಿ ನಡೆದುದು ದಾಖಲೆಯಲ್ಲಿ ಬರುವುದಿಲ್ಲ. ಇದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆಯಿದೆ. ಪಂಜಾಬ್ ಮತ್ತು ಹರಿಯಾಣಗಳಲ್ಲಿ ಭತ್ತದ ಕುಯ್ಲಿನ ಅನಂತರ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಕೂಳೆಯನ್ನು ಸುಡುವುದು ರೂಢಿ. ಇದು ಕಾಡುಗಿಚ್ಚಲ್ಲವಾದರೂ ಹೊಗೆಯನ್ನು ಗುರುತಿಸುವ ಕ್ರಮ ಒಂದೇ. ಈಚಿನ ವರ್ಷಗಳಲ್ಲಿ ಧ್ರುವೀಯ ಉಪಗ್ರಹಗಳು ಎಣಿಸಿದ ಬೆಂಕಿಗಳ ಸಂಖ್ಯೆ ಇಳಿಯಿತು. ಆದರೆ ಹೊಗೆಯು ಅದಕ್ಕನುಗುಣವಾಗಿ ಇಳಿಯಲಿಲ್ಲ. ಆ ಉಪಗ್ರಹಗಳು ಹಾದುಹೋಗುವುದು ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಗೆ. ದಕ್ಷಿಣ ಕೊರಿಯದ ಭೂಸ್ಥಿರ ಉಪಗ್ರಹದ ಚಿತ್ರಗಳನ್ನು 2024ರಲ್ಲಿ ಪರಿಶೀಲಿಸಿದಾಗ, ಹೆಚ್ಚಿನ ಬೆಂಕಿಗಳು ಅದಾದ ಮೇಲೆ, ಇಳಿಹೊತ್ತಿನಲ್ಲಿ, ಹತ್ತುತ್ತಿದ್ದುದು ಕಂಡುಬಂದಿತು. ಒಂದೇ ಆಕರವನ್ನು ನಂಬಿದ್ದರೆ ಸುಡುವ ಪದ್ಧತಿಯೇ ತಗ್ಗಿತೆಂಬ ತಪ್ಪು ಚರಿತ್ರೆ ಸಿದ್ಧವಾಗುತ್ತಿತ್ತು. ಶಾಸನಗಳು ದೊರೆಯದ ಶತಮಾನದಲ್ಲಿ ಊರೇ ಇರಲಿಲ್ಲವೆಂದು ವಾದಿಸುವುದು ಹೇಗೆ ಸರಿಯಲ್ಲವೋ ಇದೂ ಹಾಗೆಯೇ.

ಮೂರನೆಯದು, ಚಿತ್ರವನ್ನು ಓದುವವನ ಪಾತ್ರ. ಅಮೆರಿಕದ ಹವಾಮಾನ ಸಂಸ್ಥೆಯಲ್ಲಿ ಪ್ರತಿದಿನದ ಹೊಗೆಯ ನಕ್ಷೆಯನ್ನು ಯಂತ್ರದ ಲೆಕ್ಕಕ್ಕೇ ಬಿಡದೆ, ಅನುಭವಿಗಳಾದ ವಿಶ್ಲೇಷಕರು ಚಿತ್ರಗಳನ್ನು ನೋಡಿ ಕೈಯಿಂದ ಗೆರೆ ಎಳೆದು, ಹೊಗೆಯನ್ನು ತೆಳು, ಮಧ್ಯಮ, ದಟ್ಟ ಎಂದು ವಿಂಗಡಿಸುತ್ತಾರೆ. ಎರಡು ಬೆಂಕಿಗಳ ಹೊಗೆ ಬೆರೆತಾಗ, ಅಥವಾ ಹೊಗೆಯು ನಗರದ ಕೊಳೆಗಾಳಿಯೊಡನೆ ಸೇರಿದಾಗ, ಯಾರದೆಷ್ಟು ಪಾಲು ಎಂಬುದನ್ನು ಚಿತ್ರ ಹೇಳುವುದಿಲ್ಲ. ಅದಕ್ಕೆ ಗಾಳಿಯ ಅಂಕಿಗಳಿಂದ ಹಿಮ್ಮುಖವಾಗಿ ಪಥವನ್ನು ಗಣಿಸಬೇಕು. ಈ ಗಣನೆಯು ವೆಕ್ಸ್‌ಲರ್ 1950ರಲ್ಲಿ ಮಾಡಿದ ಅನುಮಾನದ ಮುಂದುವರಿದ ರೂಪವೇ ಆಗಿದೆ.

8. ಉಪಸಂಹಾರ

ನಮ್ಮ ದೇಶದಲ್ಲಿ ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 2004ರಿಂದ ಉಪಗ್ರಹಗಳ ನೆರವಿನಿಂದ ಬೆಂಕಿಯ ಸೂಚನೆಗಳನ್ನು ರಾಜ್ಯಗಳ ಅರಣ್ಯ ಇಲಾಖೆಗಳಿಗೆ ಕಳುಹಿಸುತ್ತಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಬಿದ್ದಾಗ, ಸುಮಾರು 4,400 ಹೆಕ್ಟೇರ್ ಸುಟ್ಟಿದೆಯೆಂದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಚಿತ್ರಗಳಿಂದಲೇ ಅಂದಾಜುಮಾಡಿತು. ಬೆಂಕಿಯ ಸ್ಥಾನ ಮತ್ತು ಸುಟ್ಟ ನೆಲದ ವಿಸ್ತಾರ ಇವೆರಡೂ ಹೀಗೆ ದಾಖಲಾಗುತ್ತಿವೆ. ಹೊಗೆಯು ಸುತ್ತಣ ಊರುಗಳನ್ನು ಹೇಗೆ ಮುಟ್ಟುತ್ತದೆಂಬುದನ್ನೂ ಇದೇ ಆಸ್ಥೆಯಿಂದ ಅಭ್ಯಾಸಮಾಡುವುದು ನಮ್ಮ ವಿದ್ಯಾರ್ಥಿಗಳಿಗೆ ಅಸಾಧ್ಯವಾದ ಕಾರ್ಯವಲ್ಲ. ಮೋಡಿಸ್, ವಿಯರ್ಸ್ ಉಪಕರಣಗಳ ಚಿತ್ರಗಳೂ ಸೆಂಟಿನೆಲ್ ಉಪಗ್ರಹಗಳ ಅಂಕಿಗಳೂ ಯಾರು ಬೇಕಾದರೂ ಶುಲ್ಕವಿಲ್ಲದೆ ಪಡೆಯುವಂತಿವೆ. ಭೂಗೋಳ, ಭೌತಶಾಸ್ತ್ರ, ಇತಿಹಾಸ ವಿಭಾಗಗಳವರು ಒಟ್ಟಾಗಿ ಕೈಹಾಕಲು ಯೋಗ್ಯವಾದ ವಿಷಯವಿದು.

ಕೊನೆಯದಾಗಿ ಒಂದು ಮಾತನ್ನು ಹೇಳಬೇಕಾಗಿದೆ. ಮರದ ಬಳೆಯಲ್ಲಿನ ಬೆಂಕಿಯ ಕಲೆ 227 ವರ್ಷ ಕಾದಿತ್ತು. ಅದನ್ನು ಕಾಪಾಡಲು ಯಾರೂ ಶ್ರಮಿಸಬೇಕಾಗಿರಲಿಲ್ಲ. ಉಪಗ್ರಹದ ದಾಖಲೆ ಹಾಗಲ್ಲ. ಒಂದು ಉಪಗ್ರಹದ ಆಯುಸ್ಸು ಮುಗಿಯುವುದಕ್ಕೆ ಮುನ್ನ ಇನ್ನೊಂದು ಬರದಿದ್ದರೆ ಸಾಕ್ಷ್ಯದ ಸರಣಿ ಕಡಿಯುತ್ತದೆ; ಸಂಗ್ರಹಿಸಿದ ಅಂಕಿಗಳನ್ನು ಓದಬಲ್ಲ ರೂಪದಲ್ಲಿ ಕಾಪಾಡದಿದ್ದರೆ ಇದ್ದುದೂ ಇಲ್ಲದಂತಾಗುತ್ತದೆ. ಓಜೋನಿಗಾಗಿ ಸಂಗ್ರಹಿಸಿದ ಅಂಕಿಗಳನ್ನು ಯಾರೋ ಜೋಪಾನವಾಗಿ ಇಟ್ಟಿದ್ದರಿಂದಲೇ ಮುಂದಿನವರು ಅದರಲ್ಲಿ ಹೊಗೆಯ ಚರಿತ್ರೆಯನ್ನು ಓದಲು ಸಾಧ್ಯವಾಯಿತು. ಇಂದಿನ ಚಿತ್ರಗಳಲ್ಲಿ ನಮಗಿನ್ನೂ ಹೊಳೆಯದ ಯಾವ ಸಂಗತಿಗಳು ಅಡಗಿವೆಯೋ, ಅವನ್ನು ಹುಡುಕುವ ಅವಕಾಶವನ್ನು ಮುಂದಿನ ಸಂಶೋಧಕರಿಗೆ ಉಳಿಸಿಕೊಡುವುದು ಈ ಕಾಲದ ವಿದ್ವಾಂಸರ ಕರ್ತವ್ಯ.